ಬೆಳಿಗ್ಗೆ ಓದಿದ ವಾಕ್ಯ ಹತ್ತು ಗಂಟೆಗೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿರುವ ಗೃಹಿಣಿ. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಸತ್ಯವೇದದ, ಅಂದರೆ ಬೈಬಲಿನ, ಮೂರು ನಾಲ್ಕು ಅಧ್ಯಾಯ ಓದುತ್ತೇನೆ. ಹಳೇ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡನ್ನೂ ಒಂದು ವರ್ಷದಲ್ಲಿ ಮುಗಿಸಬೇಕೆಂದು ಜನವರಿಯಲ್ಲಿ ತೀರ್ಮಾನ ಮಾಡಿದ್ದೆ. ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ದಿನದ ವಾಕ್ಯ ಬರುತ್ತದೆ, ಅದಕ್ಕೆ ಆಮೆನ್ ಹಾಕುತ್ತೇನೆ. ರಾತ್ರಿ ಕುಟುಂಬ ಪ್ರಾರ್ಥನೆ ತಪ್ಪಿಸುವುದಿಲ್ಲ. ಹೋದ ವಾರ ಮನೆಗೆಲಸಕ್ಕೆ ಬರುವ ಹೆಂಗಸು ಮಗಳ ಶಾಲೆ ಫೀಸಿಗೆ ಎರಡು ಸಾವಿರ ಮುಂಗಡ ಕೇಳಿದಳು. ಹಳೇ ಬಾಕಿಯೇ ತೀರಿಲ್ಲ ಎಂದು ಸಿಡುಕಿ ಕಳಿಸಿದೆ. ಹತ್ತನೇ ಕ್ಲಾಸಿನಲ್ಲಿರುವ ನನ್ನ ಮಗಳು, "ಅಮ್ಮ, ಬೆಳಿಗ್ಗೆ ತಾನೇ ಯಾಕೋಬನ ಪತ್ರಿಕೆ ಓದ್ತಿದ್ದೆ ಅಲ್ವಾ?" ಅಂದಳು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಪತ್ರಿಕೆ ಅದು. ಅವತ್ತಿನಿಂದ ಮಗಳು ರಾತ್ರಿ ಪ್ರಾರ್ಥನೆಗೂ ಕೂರುತ್ತಿಲ್ಲ. ನಮ್ಮಣ್ಣನನ್ನು ಕೇಳಿದರೆ, ನಂಬಿಕೆಯಿಂದಲೇ ರಕ್ಷಣೆ, ಇದಕ್ಕೆಲ್ಲ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ ಎನ್ನುತ್ತಾರೆ. ಓದಿದ್ದು ನಡತೆಗೆ ಇಳಿಯಬೇಕಾದರೆ ಏನು ಮಾಡಬೇಕು?

ಉತ್ತರ: ಸಹೋದರಿಯವರೇ, ಮೊದಲು ಮುಂಗಡದ ವಿಷಯ. ಶಾಲೆ ಫೀಸಿಗೆ ಕೊನೇ ತಾರೀಕು ಅಂತ ಒಂದಿರುತ್ತದೆ, ಉಳಿದದ್ದನ್ನು ಆಮೇಲೆ ಮಾತಾಡಬಹುದು. ನಾಳೆ ಆಕೆ ಬಂದಾಗ ಪಾತ್ರೆಗೆ ಕೈ ಹಾಕುವ ಮುಂಚೆಯೇ ಕರೆದು, "ಅವತ್ತು ಹಾಗೆ ಸಿಡುಕಬಾರದಿತ್ತು, ಬೇಜಾರು ಮಾಡ್ಕೋಬೇಡ" ಎಂದು ಹೇಳಿ. ಕೈಯಲ್ಲಿ ಹಣ ಇದ್ದರೆ ಎರಡು ಸಾವಿರವನ್ನೂ ಕೊಡಿ. ಇಲ್ಲದಿದ್ದರೆ ಆಗುವಷ್ಟು ಕೊಟ್ಟು, ಉಳಿದದ್ದು ಯಾವಾಗ ಎಂದು ಖಚಿತವಾಗಿ ಹೇಳಿ. ಹಳೇ ಬಾಕಿಗೆ ತಿಂಗಳಿಗೆ ಎಷ್ಟು ಹಿಡಿದರೆ ಆಕೆಯ ಸಂಸಾರ ನಡೆಯುತ್ತದೆ ಎಂದು ಆಕೆಯನ್ನೇ ಕೇಳಿ. ಲೆಕ್ಕವನ್ನು ಚೀಟಿಯಲ್ಲಿ ಬರೆದು ಆಕೆಗೂ ಒಂದು ಕೊಡಿ. ಆ ಹೊತ್ತಿನಲ್ಲಿ ವಾಕ್ಯ, ಉಪದೇಶ ಯಾವುದನ್ನೂ ಎತ್ತಬೇಡಿ. ಕಷ್ಟದಲ್ಲಿರುವವರಿಗೆ ಹಣದ ಜೊತೆ ಉಪದೇಶವನ್ನೂ ಸೇರಿಸಿ ಕೊಟ್ಟರೆ, ಹಣ ಬೇಕಾದ ತಪ್ಪಿಗೆ ಅವರು ಅದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಅದು ನ್ಯಾಯವಲ್ಲ.

ಈಗ ನಿಮ್ಮ ಪ್ರಶ್ನೆ. ನಾನು ಸಭೆಗಳಲ್ಲಿ ಬೈಬಲ್ ಅಧ್ಯಯನ ನಡೆಸುವಾಗ ಈ ಕೊರಗನ್ನು ಬಹಳ ಜನರ ಬಾಯಿಂದ ಕೇಳುತ್ತೇನೆ. ಅವರು ಕಾಟಾಚಾರಕ್ಕೆ ಓದುವವರಲ್ಲ. ನಿಮ್ಮ ಹಾಗೆಯೇ ನಿದ್ದೆ ಬಿಟ್ಟು ಓದುವವರು. ನನಗೆ ಕಂಡ ಕಾರಣ ಇಷ್ಟೇ: ಓದಿ ಎದ್ದಾಗ ಮನಸ್ಸಿನಲ್ಲಿ ಒಳ್ಳೆಯ ಭಾವನೆ ಇರುತ್ತದೆ, ಆದರೆ ಯಾರದೇ ಹೆಸರು ಇರುವುದಿಲ್ಲ. ಇವತ್ತು ಓದಿದ್ದು ಯಾರಿಗೆ ಸಂಬಂಧಪಟ್ಟದ್ದು, ಅವರಿಗಾಗಿ ಎಷ್ಟು ಹೊತ್ತಿಗೆ ಏನು ಮಾಡಬೇಕು ಎಂಬುದು ತೀರ್ಮಾನ ಆಗಿರುವುದಿಲ್ಲ. "ಎಲ್ಲರ ಜೊತೆ ಪ್ರೀತಿಯಿಂದ ಇರಬೇಕು" ಎಂದುಕೊಂಡು ಎದ್ದಿರುತ್ತೇವೆ. ಹತ್ತು ಗಂಟೆಗೆ ಒಬ್ಬರು ಎದುರು ನಿಂತು ಎರಡು ಸಾವಿರ ಕೇಳಿದಾಗ, ಆ "ಎಲ್ಲರು" ಅಂದರೆ ಇವರೇ ಎಂದು ಹೊಳೆಯುವುದೇ ಇಲ್ಲ.

ನೀವು ಓದುವ ವೇಗವನ್ನೂ ಸ್ವಲ್ಪ ನೋಡೋಣ. ನಮ್ಮ ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಕು. ಇಡೀ ಗ್ರಂಥದ ಪರಿಚಯ ಆಗಲು ಇದು ಒಳ್ಳೆಯ ದಾರಿ, ಬೇಡ ಎನ್ನುವುದಿಲ್ಲ. ಸ್ಕಾಟ್ಲೆಂಡಿನ ಡಂಡಿ ಊರಿನಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗೆ ಇಂಥದೇ ಒಂದು ಪಟ್ಟಿ ಮಾಡಿಕೊಟ್ಟರು. ಹಳೇ ಒಡಂಬಡಿಕೆ ವರ್ಷಕ್ಕೊಮ್ಮೆ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಇವತ್ತಿಗೂ ಲೋಕದ ಎಷ್ಟೋ ಕಡೆ ಜನ ಆ ಪಟ್ಟಿ ಹಿಡಿದು ಓದುತ್ತಾರೆ. ಆದರೆ ಅದರ ಜೊತೆಗೇ ಅವರು ಅಪಾಯಗಳನ್ನೂ ಬರೆದಿದ್ದರು. ಓದು ಬರೀ ಶಾಸ್ತ್ರ ಆಗಿಬಿಡಬಹುದು. ಓದಿದೆನೆಂಬ ಹೆಮ್ಮೆ ಬರಬಹುದು. ಮುಗಿಸುವ ಆತುರದಲ್ಲಿ ಕಣ್ಣು ಮಾತ್ರ ಓಡಬಹುದು. ಕೆಲವರಿಗೆ ಹೊರಲಾರದ ನೊಗವೂ ಆಗಬಹುದು. ಪಟ್ಟಿ ಮಾಡಿದವರೇ ಕೊಟ್ಟ ಎಚ್ಚರಿಕೆ ಇದು, ಅದಕ್ಕೇ ನನಗೆ ಇದರ ಮೇಲೆ ಗೌರವ.

ಹಾಗಾಗಿ ನಿಮ್ಮ ಜನವರಿಯ ತೀರ್ಮಾನವನ್ನು ಸಡಿಲ ಮಾಡಿ. ದೇವರಿಗೆ ಹರಕೆ ಹೊತ್ತದ್ದೇನಲ್ಲ, ನಿಮಗೆ ನೀವೇ ಹಾಕಿಕೊಂಡ ಲೆಕ್ಕ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ ಓದಿದರೆ ಸರಿಯಾಗಿ 52 ವಾರ. ಶನಿವಾರ ಆ ವಾರದಲ್ಲಿ ಮನಸ್ಸಿಗೆ ಚುಚ್ಚಿದ ಭಾಗಕ್ಕೆ ಮತ್ತೆ ಹೋಗಿ. ಭಾನುವಾರ ಹೇಗೂ ಪ್ರಸಂಗ ಇದೆ. ಹಳೇ ಒಡಂಬಡಿಕೆಯನ್ನು ರಾತ್ರಿ ಮನೆಯವರ ಜೊತೆ ನಿಧಾನಕ್ಕೆ ಓದಬಹುದು. ಬೆಳಿಗ್ಗೆಯ ಅಧ್ಯಾಯವನ್ನು ಒಂದು ಸಲ ಬಾಯಿಬಿಟ್ಟು ಓದಿ, ಆಮೇಲೆ ನಾಲ್ಕೈದು ವಚನಗಳ ಮೇಲೆ ನಿಂತುಬಿಡಿ. ಹಳೇ ಅನುವಾದದ ವಾಕ್ಯ ಉದ್ದವಾಗಿ ತಲೆಗೆ ಹತ್ತದಿದ್ದರೆ ಸರಳ ಕನ್ನಡದ ಹೊಸ ಅನುವಾದವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ಭಕ್ತಿಗೇನೂ ಕಡಿಮೆಯಾಗುವುದಿಲ್ಲ.

ನಿಂತ ಮೇಲೆ ಏನು ಕೇಳಿಕೊಳ್ಳಬೇಕು? ಇದಕ್ಕೆ ಲೂಕನ ಸುವಾರ್ತೆಯ ಮೂರನೇ ಅಧ್ಯಾಯದಷ್ಟು ನೇರವಾದ ಜಾಗ ನನಗೆ ಇನ್ನೊಂದು ಗೊತ್ತಿಲ್ಲ. ಸ್ನಾನಿಕ ಯೋಹಾನ ಯೊರ್ದನ್ ಹೊಳೆಯ ಹತ್ತಿರ ಬಹಳ ಖಾರವಾಗಿ ಮಾತಾಡುತ್ತಾನೆ. ಬಂದ ಜನರನ್ನು ಸರ್ಪಜಾತಿಯವರೇ ಎಂದೇ ಕರೆಯುತ್ತಾನೆ. ಜನ ಹೆದರಿ ಕೇಳುವುದು ಒಂದೇ ಮಾತು: ಹಾಗಾದರೆ ನಾವೇನು ಮಾಡಬೇಕು? 10ನೇ ವಚನದಿಂದ 14ನೇ ವಚನದವರೆಗೆ ಮೂರು ಗುಂಪಿನವರು ಇದನ್ನೇ ಕೇಳುತ್ತಾರೆ. ಮೂವರಿಗೂ ಬೇರೆಬೇರೆ ಉತ್ತರ ಸಿಗುತ್ತದೆ. ಸಾಮಾನ್ಯ ಜನರಿಗೆ, ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇರುವವನೂ ಹಾಗೇ ಮಾಡಲಿ ಎನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎನ್ನುತ್ತಾನೆ. ಸಿಪಾಯಿಗಳಿಗೆ, ಯಾರನ್ನೂ ಬೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಿಗುವ ಸಂಬಳ ಸಾಕೆನ್ನಿ ಎನ್ನುತ್ತಾನೆ.

ಇಲ್ಲಿ ನಿಧಾನಕ್ಕೆ ನೋಡಿ. ಕೆಲಸ ಬಿಟ್ಟು ನನ್ನ ಜೊತೆ ಅಡವಿಗೆ ಬನ್ನಿ ಎಂದು ಯೋಹಾನ ಯಾರಿಗೂ ಹೇಳಲಿಲ್ಲ. ತಾನು ಮಿಡತೆ, ಕಾಡುಜೇನು ತಿಂದು ಬದುಕುವವನು, ಆದರೂ ಅವರ ಮೇಲೆ ಅದನ್ನು ಹೇರಲಿಲ್ಲ. ಇನ್ನೊಂದು ಗಂಟೆ ಜಾಸ್ತಿ ಪ್ರಾರ್ಥನೆ ಮಾಡಿ ಎಂದೂ ಹೇಳಲಿಲ್ಲ. ಪ್ರತಿಯೊಬ್ಬನಿಗೂ, ಅವನ ಕೈ ಇನ್ನೊಬ್ಬರ ಹೊಟ್ಟೆಪಾಡನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿಗೇ ಬೆರಳಿಟ್ಟು ತೋರಿಸಿದ. ಸುಂಕದವನಿಗೆ ವಸೂಲಿಯ ಪುಸ್ತಕ, ಸಿಪಾಯಿಗೆ ಕೈಯಲ್ಲಿರುವ ಅಧಿಕಾರ, ಉಳಿದವರಿಗೆ ಮನೆಯಲ್ಲಿ ಮಡಿಚಿಟ್ಟ ಎರಡನೇ ಅಂಗಿ. ನಿಮ್ಮ ಮನೆಯಲ್ಲಿ ನಿಮ್ಮ ಕೈ ಯಾರ ಹೊಟ್ಟೆಪಾಡನ್ನು ಮುಟ್ಟುತ್ತದೆ ಎಂಬುದು ನಿಮಗೆ ಹೋದ ವಾರವೇ ಗೊತ್ತಾಗಿದೆ.

ಇದೇ ಲೂಕ 19ನೇ ಅಧ್ಯಾಯದಲ್ಲಿ ಜಕ್ಕಾಯನನ್ನು ತೋರಿಸುತ್ತಾನೆ. ಅವನು ಸುಂಕದವರ ಮುಖ್ಯಸ್ಥ. ಮೋಸ ಮಾಡಿದ್ದನ್ನು ಒಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಹಿಂದಕ್ಕೆ ಕೊಡಬೇಕೆಂದು ಹಳೇ ಒಡಂಬಡಿಕೆಯ ಅರಣ್ಯಕಾಂಡ 5ರಲ್ಲಿ ನಿಯಮವಿತ್ತು. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎನ್ನುತ್ತಾನೆ, ಆಸ್ತಿಯಲ್ಲಿ ಅರ್ಧ ಬಡವರಿಗೆ ಎನ್ನುತ್ತಾನೆ. ಎಷ್ಟು ಕೊಡಬೇಕೆಂದು ಯೇಸು ಹೇಳಿರಲೇ ಇಲ್ಲ. ಅವನ ಮನೆಗೆ ಅತಿಥಿಯಾಗಿ ಬಂದದ್ದಷ್ಟೇ. ಲೆಕ್ಕ ಹಾಕಿದವನು ಜಕ್ಕಾಯನೇ. ವಾಕ್ಯ ಒಳಗೆ ಇಳಿಯಿತು ಎಂದರೆ ಇದು. ಲೆಕ್ಕ ಬಾಯಿಗೆ ಬರುತ್ತದೆ.

ದಿನದ ಅಭ್ಯಾಸ ಅಂದರೆ ನಾನು ಹೇಳುವುದು ಇಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಅವತ್ತಿನ ವಚನದ ಕೆಳಗೆ ಒಂದೇ ಸಾಲು ಬರೆಯಿರಿ. ಅದರಲ್ಲಿ ಒಬ್ಬರ ಹೆಸರು ಇರಬೇಕು, ಹೊತ್ತು ಇರಬೇಕು, ನಿಮಗೆ ಏನೋ ಒಂದು ಖರ್ಚಾಗಬೇಕು. ಖರ್ಚು ಅಂದರೆ ಹಣವೇ ಅಲ್ಲ. ಸಮಯ ಆಗಬಹುದು, ಜಂಬ ಆಗಬಹುದು, ಮಧ್ಯಾಹ್ನದ ನಿದ್ದೆ ಆಗಬಹುದು. "ಅತ್ತೆಯ ಜೊತೆ ತಾಳ್ಮೆಯಿಂದ ಇರುತ್ತೇನೆ" ಎಂದು ಬರೆದರೆ ಸಾಲದು. "ನಾಲ್ಕು ಗಂಟೆಗೆ ಅತ್ತೆ ಹಳೇ ಕತೆ ಶುರುಮಾಡಿದಾಗ ಫೋನ್ ಒಳಗಿಟ್ಟು, ಕಾಫಿ ಕುಡಿದು ಮುಗಿಯುವವರೆಗೆ ಕೂತು ಕೇಳುತ್ತೇನೆ" ಎಂದು ಬರೆಯಿರಿ. ಮಾಡಿದೆನೋ ಇಲ್ಲವೋ ಎಂದು ರಾತ್ರಿ ಕೇಳಿದರೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಲು ಆಗಬೇಕು. ಕೆಲವು ದಿನ ಅಂಥದ್ದೇನೂ ಹೊಳೆಯುವುದಿಲ್ಲ. ವಂಶಾವಳಿ ಓದಿದ ದಿನ ಬಲವಂತವಾಗಿ ಏನನ್ನೂ ಹಿಂಡಬೇಡಿ. ಸುಮ್ನೆ ಸ್ತೋತ್ರ ಹೇಳಿ ಎದ್ದುಬಿಡಿ.

ನಿಮ್ಮದೇ ವಿಷಯಕ್ಕೆ ಹತ್ತಿರವಾದ ಒಂದು ಭಾಗವನ್ನು ಜೊತೆಯಾಗಿ ಓದೋಣ. ಧರ್ಮೋಪದೇಶಕಾಂಡ 24, 10ರಿಂದ 15ನೇ ವಚನ. ಮೊದಲನೆಯದು ಸಾಲದ ಮಾತು. ಸಾಲ ಕೊಟ್ಟವನು ಅಡವು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ನುಗ್ಗಬಾರದು. ಹೊರಗೇ ನಿಲ್ಲಬೇಕು. ಸಾಲಗಾರನೇ ಒಳಗಿಂದ ತಂದುಕೊಡಬೇಕು. ಅಂದರೆ ಹಣ ಕೊಟ್ಟ ಮಾತ್ರಕ್ಕೆ ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವ ಹಕ್ಕು ಬರುವುದಿಲ್ಲ. ಮುಂಗಡ ಕೇಳಿದವರನ್ನು ನಾವು "ಗಂಡ ಏನು ಮಾಡ್ತಾನೆ, ಹೋದ ತಿಂಗಳ ದುಡ್ಡು ಎಲ್ಲಿ ಹೋಯ್ತು, ಫೋನಿಗೆ ಮಾತ್ರ ಕರೆನ್ಸಿ ಇರುತ್ತಾ" ಎಂದೆಲ್ಲ ಕೇಳುತ್ತೇವಲ್ಲ, ಅದು ಹೊಸ್ತಿಲು ದಾಟುವುದೇ. ಆಮೇಲೆ 12 ಮತ್ತು 13: ಅಡವಿಟ್ಟವನು ಬಡವನಾದರೆ ಅವನ ಹೊದಿಕೆಯನ್ನು ಇಟ್ಟುಕೊಂಡು ಮಲಗಬಾರದು, ಹೊತ್ತು ಮುಳುಗುವಾಗ ಹಿಂದಕ್ಕೆ ಕೊಡಬೇಕು, ಅವನು ಅದನ್ನೇ ಹೊದ್ದು ಮಲಗಬೇಕಲ್ಲ. ನ್ಯಾಯವಾಗಿ ಬಂದ ಅಡವೇ ಇರಬಹುದು, ಆದರೂ ಕೊಡಬೇಕು. 14 ಮತ್ತು 15: ಕೂಲಿಯವನು ನಿಮ್ಮ ಜನದವನಾಗಲಿ, ಊರಲ್ಲಿರುವ ಪರದೇಶಿಯಾಗಲಿ, ಅವನ ಕೂಲಿಯನ್ನು ಅದೇ ದಿನ ಸೂರ್ಯ ಮುಳುಗುವ ಮುಂಚೆ ಕೊಡಬೇಕು. ಅವನು ಬಡವ, ಅದರ ಮೇಲೆಯೇ ಆಸೆ ಇಟ್ಟುಕೊಂಡಿದ್ದಾನೆ ಎಂದು ಕಾರಣವನ್ನೂ ಹೇಳಿದೆ. ಇಲ್ಲದಿದ್ದರೆ ಅವನು ದೇವರಿಗೆ ಮೊರೆಯಿಟ್ಟಾನು ಎಂಬ ಎಚ್ಚರಿಕೆಯೂ ಇದೆ. ನೀವು ಓದಿದ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದ 4ನೇ ವಚನ ಇದೇ ಮೊರೆಯ ಮಾತು. ಅಲ್ಲಿ ಕೂಗುವುದು ಹಿಡಿದಿಟ್ಟ ಕೂಲಿಯೇ.

ಇದನ್ನು ಓದಿದ ದಿನ ನೋಟ್‌ಬುಕ್ಕಿನಲ್ಲಿ ಏನು ಬರೆಯಬಹುದು? ಸಂಬಳ ತಿಂಗಳ 1ನೇ ತಾರೀಕಿಗೇ ಕೊಡುವುದು, 8ನೇ ತಾರೀಕಿನವರೆಗೆ ತಳ್ಳದಿರುವುದು. ಮಗುವಿಗೆ ಜ್ವರ ಬಂದು ರಜೆ ಹಾಕಿದ ದಿನಕ್ಕೆ ಸಂಬಳ ಮುರಿಯದಿರುವುದು. ವಾರಕ್ಕೊಂದು ರಜೆ ಎಂದು ಬಾಯಿಬಿಟ್ಟು ಹೇಳುವುದು. ಕಾಫಿ ಕೊಡಲು ಬೇರೆ ಲೋಟ ಇಟ್ಟಿದ್ದರೆ ಅದನ್ನು ಇವತ್ತೇ ತೆಗೆದುಬಿಡುವುದು. ಕೊನೆಯದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಕ್ರಿಸ್ತನ ಮೇಜಿನಲ್ಲಿ, ಅಂದರೆ ಸಭೆಯ ಪ್ರಭುಭೋಜನದಲ್ಲಿ, ಒಂದೇ ಪಾತ್ರೆಯಿಂದ ಕುಡಿಯುವ ನಮ್ಮ ಮನೆಗಳಲ್ಲೂ ಆ ಬೇರೆ ಲೋಟ ಇದೆ.

ಕನ್ನಡ ನೆಲದ ಒಬ್ಬ ಹೆಣ್ಣುಮಗಳ ಉದಾಹರಣೆ ಕೊಡುತ್ತೇನೆ. ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಸಂಸ್ಕೃತ ಕಲಿತ ಬ್ರಾಹ್ಮಣ ಕುಟುಂಬ. ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಆ ಸಿಸ್ಟರ್‌ಗಳು ಲಂಡನ್ನಿನ ಫುಲ್ಹಮ್‌ನಲ್ಲಿ ಒಂದು ಆಶ್ರಯ ನಡೆಸುತ್ತಿದ್ದರು, ಊರು "ಕೆಟ್ಟವರು" ಎಂದು ದೂಡಿದ ಹೆಂಗಸರಿಗೆ. ರಮಾಬಾಯಿ ಅದನ್ನು ಕಣ್ಣಾರೆ ನೋಡಿ ಬೆರಗಾಗಿ, ಇಂಥವರನ್ನು ನೀವು ಯಾಕೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು, ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ್ದನ್ನು ಓದಿ ವಿವರಿಸಿದರು. ರಮಾಬಾಯಿಯವರೇ ಇದನ್ನು ಬರೆದಿಟ್ಟಿದ್ದಾರೆ. ಕೆಲಸ ಮೊದಲು ಕಂಡಿತು, ವಾಕ್ಯ ಆಮೇಲೆ ಕೇಳಿಸಿತು. ಆ ಕ್ರಮ ನನಗೆ ಬಹಳ ಮುಖ್ಯ ಅನ್ನಿಸುತ್ತದೆ, ನಿಮ್ಮ ಮಗಳ ವಿಷಯಕ್ಕೆ ಬಂದಾಗ ಮತ್ತೆ ಹೇಳುತ್ತೇನೆ.

ಭಾರತಕ್ಕೆ ಮರಳಿ ಅವರು 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶುರುಮಾಡಿದರು. 1896-97ರ ಬರಗಾಲದಲ್ಲಿ ಮಧ್ಯಭಾರತದ ಊರುಗಳಿಗೆ ತಾವೇ ಹೋಗಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ಅಲ್ಲಿಯ ಮುಕ್ತಿ ಸಂಸ್ಥೆಯಲ್ಲಿ ಕೃಪಾ ಸದನ ಎಂಬ ಒಂದು ಭಾಗವೂ ಇತ್ತು. ಅದು ಫುಲ್ಹಮ್‌ನಲ್ಲಿ ಕಂಡಂಥ ಹೆಂಗಸರಿಗಾಗಿಯೇ. ಇದರ ನಡುವೆಯೇ ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆ ಇರುವ ಹೆಂಗಸರಿಗೂ ಅರ್ಥವಾಗುವ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುತ್ತಿದ್ದರು, 1922ರಲ್ಲಿ ಸಾಯುವವರೆಗೂ. ಧ್ಯಾನ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂದು ಅವರ ಬದುಕನ್ನು ಭಾಗ ಮಾಡಲು ಆಗುವುದಿಲ್ಲ.

ಅಣ್ಣನ ಮಾತಿಗೆ ಬರುತ್ತೇನೆ. ನಂಬಿಕೆಯಿಂದಲೇ ರಕ್ಷಣೆ ಎಂಬುದು ಸತ್ಯ, ಅದರಲ್ಲಿ ನನಗೆ ಅನುಮಾನವಿಲ್ಲ. ಎರಡು ಸಾವಿರ ಕೊಟ್ಟು ಯಾರೂ ಪರಲೋಕ ಕೊಳ್ಳುವುದಿಲ್ಲ. ಆದರೆ ಅಣ್ಣ ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ 8, 9ನೇ ವಚನಕ್ಕೆ ನಿಲ್ಲಿಸಿದ್ದಾರೆ. 10ನೆಯದನ್ನೂ ಓದಲಿ. ದೇವರು ಮೊದಲೇ ಸಿದ್ಧಮಾಡಿದ ಒಳ್ಳೆಯ ಕೆಲಸಗಳಲ್ಲಿ ನಡೆಯಲಿ ಎಂದೇ ನಮ್ಮನ್ನು ಸೃಷ್ಟಿಸಿದ್ದು ಎಂದಿದೆ. ಪ್ರಾಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರನಿಗೆ ಯಾಕೋಬನ ಪತ್ರಿಕೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ, 1522ರಲ್ಲಿ ಅದನ್ನು ಹುಲ್ಲಿನ ಪತ್ರಿಕೆ ಎಂದೇ ಬರೆದ. ಅದೇ ವರ್ಷ ರೋಮಾಪುರದವರಿಗೆ ಬರೆದ ಪತ್ರಿಕೆಯ ಮುನ್ನುಡಿಯಲ್ಲಿ, ನಂಬಿಕೆ ಜೀವಂತವಾದದ್ದು, ಒಳ್ಳೆಯದನ್ನು ಮಾಡದೆ ಅದಕ್ಕೆ ಇರಲು ಆಗುವುದೇ ಇಲ್ಲ ಎಂಬ ಅರ್ಥದ ಮಾತನ್ನೂ ಅವನೇ ಬರೆದ. ನಂಬಿಕೆಯೊಂದೇ ಸಾಕೆಂದು ಗಟ್ಟಿಯಾಗಿ ಹೇಳಿದವನೇ ಇದನ್ನೂ ಹೇಳಿದ್ದಾನೆ. ಅಣ್ಣನ ಜೊತೆ ವಾದ ಬೇಡ, ಆ 10ನೇ ವಚನ ತೋರಿಸಿದರೆ ಸಾಕು.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಆ ಒಂದು ಸಾಲಿಗೆ ಹಿಂದಿರುಗಿ. ಕಥೋಲಿಕ ಸಭೆಯ ಇಗ್ನೇಷಿಯಸ್ ಲೊಯೋಲಾ ಹದಿನಾರನೇ ಶತಮಾನದಲ್ಲಿ ಕಲಿಸಿಕೊಟ್ಟ ದಿನದ ಪರಿಶೀಲನೆಯಲ್ಲಿ ಮೊದಲ ಹೆಜ್ಜೆ ತಪ್ಪು ಹುಡುಕುವುದಲ್ಲ, ಅವತ್ತು ಸಿಕ್ಕ ಒಳ್ಳೆಯದಕ್ಕೆ ದೇವರಿಗೆ ಧನ್ಯವಾದ ಹೇಳುವುದು. ಆಮೇಲೆ ಬೆಳಕು ಕೇಳುವುದು, ಆಮೇಲೆ ದಿನವನ್ನು ನೋಡುವುದು, ಕ್ಷಮೆ ಬೇಡುವುದು, ನಾಳೆಯ ತೀರ್ಮಾನ. ನಾವು ಪ್ರಾಟೆಸ್ಟಂಟರೂ ಇದನ್ನು ಧಾರಾಳವಾಗಿ ಕಲಿಯಬಹುದು. ಧನ್ಯವಾದದಿಂದ ಶುರುಮಾಡಿದರೆ ತಪ್ಪು ಕಂಡಾಗ ಕುಗ್ಗಿಹೋಗುವುದಿಲ್ಲ. ನೀವು ಈಗ ಕುಗ್ಗಿದ್ದೀರಿ ಎಂದು ಪತ್ರದಲ್ಲೇ ಗೊತ್ತಾಗುತ್ತದೆ, ಅದಕ್ಕೇ ಹೇಳಿದೆ.

ವಾಟ್ಸಾಪ್ ವಾಕ್ಯದ ಬಗ್ಗೆ ಒಂದು ಮಾತು. ದಿನಕ್ಕೊಂದು ವಾಕ್ಯ ಹಂಚುವ ಪದ್ಧತಿ ಹಳೆಯದು. ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ 1728ರಲ್ಲಿ ಜಿನ್‌ಜೆಂಡಾರ್ಫ್ ಎಂಬ ಜಮೀನ್ದಾರರು ಮೊರಾವಿಯಾದಿಂದ ಓಡಿಬಂದ ವಿಶ್ವಾಸಿಗಳಿಗೆ ಮಾರನೇ ದಿನಕ್ಕೆಂದು ಒಂದು ವಾಕ್ಯ ಕೊಡತೊಡಗಿದರು. ಅದನ್ನು ಬೆಳಿಗ್ಗೆ ಮನೆಮನೆಗೆ ಹೋಗಿ ಹೇಳಿಬರುತ್ತಿದ್ದರು. 1731ರಿಂದ ಅಚ್ಚಾಗಿ ಬರುತ್ತಿದೆ. 1732ರಲ್ಲಿ ಅದೇ ಊರಿನಿಂದ ಇಬ್ಬರು ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದ ಗುಲಾಮರ ನಡುವೆ ಕೆಲಸ ಮಾಡಲು ಹೊರಟರು. ನಿಮ್ಮ ಗ್ರೂಪಿನಲ್ಲೂ ಆಮೆನ್ ಹಾಕುವುದರ ಜೊತೆಗೆ ವಾರಕ್ಕೊಮ್ಮೆ ಆ ವಾಕ್ಯವನ್ನು ಹಿಡಿದು ಒಬ್ಬರ ಮನೆಗೆ ಹೋಗಿ ಬನ್ನಿ. ಸಭೆಗೆ ಬರಲಾಗದ ವಯಸ್ಸಾದವರು ಇದ್ದೇ ಇರುತ್ತಾರೆ. ಔಷಧಿ ಅಂಗಡಿಗೆ ಹೋಗಿಬರುವವರು ಯಾರೂ ಇಲ್ಲ ಎಂದು ಅವರು ಗ್ರೂಪಿನಲ್ಲಿ ಬರೆಯುವುದಿಲ್ಲ, ಎದುರು ಕೂತಾಗ ಹೇಳುತ್ತಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದು. ನೋಟ್‌ಬುಕ್ಕಿನ ಆ ಸಾಲು ನಾನು ಏನು ಮಾಡಬೇಕು ಎಂಬುದಕ್ಕೆ ಮಾತ್ರ. ಗಂಡ ಏನು ಮಾಡಬೇಕು, ಸೊಸೆ ಏನು ಕಲಿಯಬೇಕು ಎಂದು ಬರೆಯಲು ಅಲ್ಲ. ಹಾಗೆಯೇ, ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಂಗಸು ಎಲ್ಲವನ್ನೂ ಸಹಿಸಿಕೊಳ್ಳಬೇಕು ಎಂದು ಬರೆದುಕೊಳ್ಳಬೇಕಾಗಿಲ್ಲ. ಆಕೆ ಅವತ್ತು ಮಾಡಬೇಕಾದ ಕೆಲಸ ನಂಬಿಕಸ್ಥರಿಗೆ ಹೇಳುವುದು, 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡುವುದು.

ಇನ್ನು ಮಗಳು. ಅವಳು ವಾಕ್ಯವನ್ನು ಬಿಟ್ಟಿಲ್ಲ. ಅಮ್ಮ ಓದಿದ್ದು ಯಾವ ಪತ್ರಿಕೆ ಎಂದು ಗಮನಿಸಿದ್ದಾಳೆ, ಅದರಲ್ಲಿ ಏನಿದೆ ಎಂದೂ ನೆನಪಿಟ್ಟಿದ್ದಾಳೆ. ಸಂಡೇ ಸ್ಕೂಲಿನಲ್ಲಿ ಕಲಿಸಿದ್ದು ವ್ಯರ್ಥವಾಗಿಲ್ಲ. ಪ್ರಾರ್ಥನೆಗೆ ಬಾ ಎಂದು ಒತ್ತಾಯ ಮಾಡಬೇಡಿ, ಅವಳು ಕೇಳಿದ ಪ್ರಶ್ನೆಗೆ ಮುನಿಸಿಕೊಳ್ಳಲೂ ಬೇಡಿ. "ನೀನು ಅವತ್ತು ಹೇಳಿದ್ದು ಸರಿ" ಎಂದು ಒಂದು ಸಲ ಹೇಳಿ, ಅಷ್ಟೇ. ಆ ಹೆಂಗಸಿನ ಜೊತೆ ನೀವು ಮಾತಾಡಿದ್ದನ್ನು ಅವಳ ಮುಂದೆ ಸಾಕ್ಷಿಯಾಗಿ ಹೇಳಿಕೊಳ್ಳಬೇಡಿ. ಒಂದೇ ಮನೆಯಲ್ಲಿ ಇರುವವಳು, ತಾನೇ ನೋಡುತ್ತಾಳೆ. ರಮಾಬಾಯಿಗೂ ಮೊದಲು ಕಣ್ಣಿಗೆ ಬಿದ್ದದ್ದು ಕೆಲಸವೇ.

ಕೆಲವು ವಾರ ಕಳೆದ ಮೇಲೆ ರಾತ್ರಿ ಓದಲು ಆಮೋಸನ ಪುಸ್ತಕ ತೆಗೆದುಕೊಳ್ಳೋಣವಾ ಎಂದು ಅವಳನ್ನು ಕೇಳಿ. ಒಂಬತ್ತೇ ಅಧ್ಯಾಯ, ರಾತ್ರಿಗೊಂದು. ಆಮೋಸ ತೆಕೋವ ಎಂಬ ಊರಿನ ಕುರುಬ, ಹದಿನೈದು ವರ್ಷದವರ ಹಾಗೆಯೇ ಮುಚ್ಚುಮರೆ ಇಲ್ಲದೆ ಮಾತಾಡುತ್ತಾನೆ. 2ನೇ ಅಧ್ಯಾಯದಲ್ಲಿ, ಬಡವರಿಂದ ಅಡವು ತೆಗೆದುಕೊಂಡ ಬಟ್ಟೆಯನ್ನೇ ಹಾಸಿಕೊಂಡು ಯಜ್ಞವೇದಿಯ ಪಕ್ಕದಲ್ಲಿ ಒರಗುವವರ ಮಾತು ಬರುತ್ತದೆ. 8ನೇ ಅಧ್ಯಾಯದಲ್ಲಿ, ಸಬ್ಬತ್ತು ಎಂಬ ವಾರದ ವಿಶ್ರಾಂತಿ ದಿನ ಯಾವಾಗ ಮುಗಿಯುತ್ತದೆ, ಯಾವಾಗ ಅಂಗಡಿ ತೆರೆದು ಕಳ್ಳ ತಕ್ಕಡಿಯಲ್ಲಿ ತೂಗೋಣ ಎಂದು ಕಾಯುವವರು ಬರುತ್ತಾರೆ. ಅವಳೇ ಗಟ್ಟಿಯಾಗಿ ಓದಲಿ, ನೀವೂ ನಿಮ್ಮ ಯಜಮಾನರೂ ಕೇಳಿ. ಪ್ರಾರ್ಥನೆಯನ್ನು ಎರಡು ನಿಮಿಷಕ್ಕೆ ಇಳಿಸಿ. ಅವಳು ನಡುವೆ ನಿಲ್ಲಿಸಿ ಏನಾದರೂ ಕೇಳಿದರೆ ಅಲ್ಲೇ ನಿಲ್ಲಿ. ಅವತ್ತು ಅಧ್ಯಾಯ ಮುಗಿಯದಿದ್ದರೂ ಪರವಾಗಿಲ್ಲ, ಉಳಿದದ್ದನ್ನು ನಾಳೆ ಓದಬಹುದು.